ಹೈಕೋರ್ಟಿನ ಗುಮಾಸ್ತನನ್ನು ಯಾರು, ಹೇಗೆ ನೇಮಿಸಬೇಕು?

ನ್ಯಾಯಾಧೀಶರನ್ನು ನೇಮಿಸುವವರು ಯಾರು ಎಂಬ ಜಗಳ ನಮ್ಮ ದೇಶದಲ್ಲಿ ಎಂದೂ ತೀರಿದ್ದಿಲ್ಲ. 1993ರಲ್ಲಿ ಸುಪ್ರೀಂ ಕೋರ್ಟು ಆ ವಿಷಯದಲ್ಲಿ ಕೊನೆಯ ಮಾತು ಹಿರಿಯ ನ್ಯಾಯಮೂರ್ತಿಗಳದೇ ಎಂದು ತೀರ್ಮಾನಿಸಿತು. 2014ರಲ್ಲಿ ಸಂಸತ್ತು ಸಂವಿಧಾನವನ್ನೇ ತಿದ್ದಿ ಬೇರೊಂದು ಆಯೋಗವನ್ನು ನಿರ್ಮಿಸಹೊರಟಿತು. 2015ರಲ್ಲಿ ಸುಪ್ರೀಂ ಕೋರ್ಟು ಆ ತಿದ್ದುಪಡಿ ಊರ್ಜಿತವಲ್ಲವೆಂದಿತು. ಈ ಹಗ್ಗಜಗ್ಗಾಟದ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು, ಬರೆಯುತ್ತಲೂ ಇವೆ. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಸಾಮಾನ್ಯನು ಮೊದಲು ಕಾಣುವುದು ನ್ಯಾಯಾಧೀಶರ ಮುಖವನ್ನಲ್ಲ. ಅರ್ಜಿ ತೆಗೆದುಕೊಳ್ಳುವ ಗುಮಾಸ್ತನನ್ನು, ನಕಲು ಕೊಡುವ ಬೆರಳಚ್ಚುಗಾರನನ್ನು, ಹೆಸರು ಹಿಡಿದು ಕೂಗುವ ಜವಾನನನ್ನು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಷ್ಟೆ? ಆ ಪೂಜಾರಿಗಳನ್ನು ನೇಮಿಸುವವರು ಯಾರು, ಯಾವ ಕಟ್ಟಿಗೆ ಒಳಪಟ್ಟು ನೇಮಿಸುತ್ತಾರೆ ಎಂಬುದನ್ನು ಕೇಳುವವರು ಕಡಿಮೆ. ಹೊರನಾಡಿನಲ್ಲಿ ಮಕ್ಕಳನ್ನು ಓದಿಸಿ, ಅವರಿಗೊಂದು ಸರ್ಕಾರಿ ನೌಕರಿ ಸಿಕ್ಕೀತೇ ಎಂದು ದಾರಿ ಕಾಯುವ ನಮ್ಮ ಕುಟುಂಬಗಳಿಗಾದರೂ ಈ ಪ್ರಶ್ನೆ ಬರಿಯ ವಕೀಲರ ವಿಷಯವಾಗಬಾರದು ಎಂದು ನಮಗನ್ನಿಸುತ್ತದೆ.

ಸಂವಿಧಾನದ 229ನೆಯ ವಿಧಿ ಇದಕ್ಕೆ ಉತ್ತರ ಕೊಡುತ್ತದೆ. ಹೈಕೋರ್ಟಿನ ಅಧಿಕಾರಿಗಳನ್ನೂ ನೌಕರರನ್ನೂ ನೇಮಿಸುವ ಅಧಿಕಾರ ಆ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರದು, ಇಲ್ಲವೇ ಅವರು ಹೇಳಿದ ಬೇರೊಬ್ಬ ನ್ಯಾಯಾಧೀಶರ ಅಥವಾ ಅಧಿಕಾರಿಯದು. ಸುಪ್ರೀಂ ಕೋರ್ಟಿಗೆ ಸಂಬಂಧಿಸಿದಂತೆ 146ನೆಯ ವಿಧಿ ಹೆಚ್ಚುಕಡಿಮೆ ಇದೇ ಮಾತನ್ನು ಭಾರತದ ಮುಖ್ಯ ನ್ಯಾಯಾಧೀಶರ ಬಗ್ಗೆ ಹೇಳುತ್ತದೆ. ಮಂತ್ರಿಗಳಿಗೆ ಇದರಲ್ಲಿ ಕೈಯಿಲ್ಲ. ಇಷ್ಟು ಓದಿದವರು, ಇದೇನು ಪಾಳೆಯಗಾರಿಕೆಯೇ ಎಂದು ಹುಬ್ಬೇರಿಸಬಹುದು. ಆದರೆ ವಿಧಿಯನ್ನು ಪೂರ್ತಿಯಾಗಿ ಓದಬೇಕು. ಈಗಾಗಲೇ ಕೋರ್ಟಿನ ನೌಕರಿಯಲ್ಲಿಲ್ಲದವರನ್ನು ಇಂತಿಂಥ ಹುದ್ದೆಗಳಿಗೆ ತೆಗೆದುಕೊಳ್ಳುವ ಮುನ್ನ ರಾಜ್ಯದ ಲೋಕಸೇವಾ ಆಯೋಗವನ್ನು ಕೇಳಬೇಕೆಂದು ರಾಜ್ಯಪಾಲರು ನಿಯಮ ಮಾಡಬಹುದು. ನೌಕರರ ಸೇವಾ ನಿಯಮಗಳನ್ನು ಮುಖ್ಯ ನ್ಯಾಯಾಧೀಶರೇ ರಚಿಸಬಹುದಾದರೂ ಶಾಸನಸಭೆಯ ಕಾನೂನಿಗೆ ಅವು ಒಳಪಡುತ್ತವೆ. ಸಂಬಳ, ಭತ್ಯೆ, ರಜೆ, ನಿವೃತ್ತಿ ವೇತನಗಳ ಮಟ್ಟಿಗೆ ರಾಜ್ಯಪಾಲರ ಒಪ್ಪಿಗೆ ಬೇಕು. ಖರ್ಚೆಲ್ಲ ರಾಜ್ಯದ ಸಂಚಿತ ನಿಧಿಯ ಮೇಲೆ ನೇರವಾಗಿ ಬೀಳುತ್ತದೆ. ಎಂದರೆ ಶಾಸನಸಭೆ ಅದನ್ನು ಚರ್ಚಿಸಬಹುದು, ಆದರೆ ಮತಕ್ಕೆ ಹಾಕಿ ಕತ್ತರಿಸುವಂತಿಲ್ಲ.

ಈ ಕೊನೆಯ ಮಾತನ್ನು ವಾಚಕರು ಸ್ವಲ್ಪ ನಿಂತು ಗಮನಿಸಬೇಕು. ಮಂತ್ರಿಯೊಬ್ಬನು ತನ್ನ ಇಲಾಖೆಯಲ್ಲಿ ಬೇಕಾದವರನ್ನು ತುಂಬಿಸಿದರೆ ಶಾಸಕರು ಕೇಳುತ್ತಾರೆ, ಬೇಡಿಕೆಗಳು ಮತಕ್ಕೆ ಬಂದಾಗ ತರಾಟೆಗೆ ತೆಗೆದುಕೊಳ್ಳುತ್ತಾರೆ, ಐದು ವರ್ಷಕ್ಕೊಮ್ಮೆ ಜನರೂ ಕೇಳುತ್ತಾರೆ. ಹೈಕೋರ್ಟಿನ ಕಛೇರಿಗೆ ಈ ಯಾವ ಕಾಟವೂ ಇಲ್ಲ. ಇರಬಾರದು ಎಂದೇ ಸಂವಿಧಾನ ಕರ್ತರು ಬಯಸಿದರು. ಸರ್ಕಾರವೇ ಪ್ರತಿವಾದಿಯಾಗಿರುವ ಮೊಕದ್ದಮೆಗಳ ಕಡತ ನೋಡಿಕೊಳ್ಳುವ ಗುಮಾಸ್ತನು ಸರ್ಕಾರದ ಕೃಪೆಯಿಂದ ಬಂದವನಾಗಿದ್ದರೆ, ಅವನ ಬಡ್ತಿ ವರ್ಗಾವಣೆಗಳು ಸಚಿವಾಲಯದ ಕೈಯಲ್ಲಿದ್ದರೆ, ನ್ಯಾಯಾಧೀಶರ ಸ್ವಾತಂತ್ರ್ಯ ಕಾಗದದ ಮೇಲೆ ಉಳಿಯುತ್ತದೆ. ಆದ್ದರಿಂದ ಅಧಿಕಾರ ಕೊಟ್ಟದ್ದು ಸರಿಯೇ. ಆದರೆ ಹೊರಗಿನ ಅಂಕುಶಗಳು ಕಡಿಮೆಯಾದಷ್ಟೂ ಒಳಗಿನ ಅಂಕುಶ ಬಿಗಿಯಾಗಿರಬೇಕಲ್ಲವೇ? ನಮ್ಮ ತಕರಾರು ಇರುವುದು ಇಲ್ಲಿ.

ಸುಪ್ರೀಂ ಕೋರ್ಟು ಮೊದಮೊದಲು ಈ ಅಧಿಕಾರವನ್ನು ಹಿಗ್ಗಿಸುತ್ತಲೇ ಬಂತು. ಕಲ್ಕತ್ತಾ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರು ಅಲ್ಲಿನ ರಿಜಿಸ್ಟ್ರಾರರನ್ನು ಕೆಲಸದಿಂದ ತೆಗೆದ ಪ್ರಕರಣದಲ್ಲಿ (ಇದು 1956ರ ವರದಿಗಳಲ್ಲಿದೆ) ನೇಮಿಸುವ ಅಧಿಕಾರದಲ್ಲೇ ತೆಗೆದುಹಾಕುವ ಅಧಿಕಾರವೂ ಅಡಗಿದೆ, ಅದಕ್ಕೆ ಲೋಕಸೇವಾ ಆಯೋಗವನ್ನು ಕೇಳಬೇಕಾದ್ದಿಲ್ಲ ಎಂದಿತು. 1971ರಲ್ಲಿ ಅಸ್ಸಾಂ ಮತ್ತು ನಾಗಾಲ್ಯಾಂಡ್ ಹೈಕೋರ್ಟಿನ ನೌಕರರೊಬ್ಬರ ನೇಮಕಕ್ಕೆ ಸರ್ಕಾರದ ಕಡೆಯಿಂದ ಆಕ್ಷೇಪ ಬಂದು, ಅಕೌಂಟೆಂಟ್ ಜನರಲ್ಲರು ಸಂಬಳದ ಚೀಟಿ ಹೊರಡಿಸದೆ ನಿಂತಾಗ, ನೇಮಕದಲ್ಲಿ ಮುಖ್ಯ ನ್ಯಾಯಾಧೀಶರದೇ ಕೊನೆಯ ಮಾತು ಎಂದು ಒತ್ತಿ ಹೇಳಿತು. 1976ರ ವರದಿಗಳಲ್ಲಿರುವ ಆಂಧ್ರಪ್ರದೇಶದ ಪ್ರಕರಣದಲ್ಲಿ ಮಾತ್ರ ಸ್ವಲ್ಪ ಲಗಾಮು ಕಾಣುತ್ತದೆ: ಸಂಬಳದ ವಿಷಯದಲ್ಲಿ ರಾಜ್ಯಪಾಲರ ಒಪ್ಪಿಗೆ ಬೇಕೇಬೇಕು, ಆದರೆ ಅಂಥ ದೊಡ್ಡ ಸ್ಥಾನದವರು ಕೇಳಿದಾಗ ಸಾಮಾನ್ಯವಾಗಿ ಕೊಡುವುದು ಲೇಸು ಎಂಬ ಧಾಟಿಯ ತೀರ್ಪದು. ಹೈದರಾಬಾದಿನ ಮಿತ್ರರು ಇನ್ನೊಂದನ್ನೂ ಬಲ್ಲರು. ಆಂಧ್ರಕ್ಕೆಂದೇ ಸಂವಿಧಾನದಲ್ಲಿ ಸೇರಿಸಿದ 371-ಡಿ ವಿಧಿಯ ಪ್ರಕಾರ ಸ್ಥಾಪಿತವಾದ ಆಡಳಿತ ಮಂಡಲಿ ಹೈಕೋರ್ಟಿನ ನೌಕರರ ತಂಟೆಗೆ ಬರಕೂಡದು ಎಂದು 1978ರಲ್ಲಿ ಸಂವಿಧಾನ ಪೀಠವೇ ತೀರ್ಮಾನಿಸಿತು. ಹೀಗೆ ಸರ್ಕಾರವನ್ನೂ ಅದರ ಅಂಗಗಳನ್ನೂ ಬಾಗಿಲಾಚೆ ನಿಲ್ಲಿಸುವ ಕೆಲಸ ಚೆನ್ನಾಗಿಯೇ ನಡೆಯಿತು. ಬಾಗಿಲೊಳಗೆ ನಡೆಯುವುದನ್ನು ಯಾರು ನೋಡಬೇಕು ಎಂಬ ಪ್ರಶ್ನೆ ಬಾಕಿ ಉಳಿಯಿತು.

ಆ ಪ್ರಶ್ನೆ ಎದ್ದದ್ದು ನಮ್ಮ ಕರ್ನಾಟಕದಲ್ಲಿ. 1990ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಆ ಪ್ರಕರಣದ ವಿವರಗಳು ಸರಳವಾಗಿವೆ. ರಾಜ್ಯದ ಕೆಳಗಿನ ಕೋರ್ಟುಗಳ ಗುಮಾಸ್ತಿಕೆಗೆ ಲೋಕಸೇವಾ ಆಯೋಗದ ಪರೀಕ್ಷೆ, ಸಂದರ್ಶನಗಳ ಮೂಲಕ ಆಯ್ಕೆಯಾಗಬೇಕೆಂದು ಪ್ರತ್ಯೇಕ ನಿಯಮಗಳಿದ್ದವು. ಹೈಕೋರ್ಟಿನ ಸ್ವಂತ ಕಛೇರಿಗಾದರೋ ಮುಖ್ಯ ನ್ಯಾಯಾಧೀಶರೇ ನೇಮಿಸಬಹುದು. ಈ ಎರಡು ದಾರಿಗಳ ನಡುವೆ ಒಂದು ಕಿರುದಾರಿ ಹುಟ್ಟಿಕೊಂಡಿತು. ನೂರಾರು ಮಂದಿಯನ್ನು ಮೊದಲು ಹೈಕೋರ್ಟಿನಲ್ಲಿ ದ್ವಿತೀಯ ದರ್ಜೆ ಗುಮಾಸ್ತರೆಂದು ನೇಮಿಸುವುದು. ಅನಂತರ ಅವರನ್ನು ಕೆಳಗಿನ ಕೋರ್ಟುಗಳಿಗೆ ಕಳುಹಿಸಿಬಿಡುವುದು. ಮುಂಬಾಗಿಲಲ್ಲಿ ಆಯೋಗ ಕಾಯುತ್ತ ಕುಳಿತಿರಲಿ, ಹಿತ್ತಿಲ ಬಾಗಿಲಿನಿಂದ ಊಟಕ್ಕೆ ಎಲೆ ಹಾಕಿ ಆಗಿತ್ತು. ಇದನ್ನು ಪ್ರಶ್ನಿಸಿದ ಅರ್ಜಿಗಳು ಅದೇ ಹೈಕೋರ್ಟಿನ ಮುಂದೆ ಬಂದವು. ಅಲ್ಲಿಯ ನ್ಯಾಯಪೀಠ ತನ್ನ ಮುಖ್ಯಸ್ಥರು ಮಾಡಿದ ನೇಮಕಗಳನ್ನೇ ರದ್ದುಪಡಿಸಿತು. ಆ ಧೈರ್ಯಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲವೆಂದೇ ನಾವು ತಿಳಿದಿದ್ದೇವೆ. ಕೆಲಸ ಕಳೆದುಕೊಳ್ಳುವವರು ದಿಲ್ಲಿಗೆ ಹೋದರು. ಒಮ್ಮೆ ಮುಗಿದ ಪ್ರಕರಣವನ್ನು ಸುಪ್ರೀಂ ಕೋರ್ಟು ಪುನರ್ವಿಮರ್ಶೆಗೆ ತೆಗೆದುಕೊಂಡು ಮತ್ತೆ ಕೇಳಿತು.

ತೀರ್ಪು ಬರೆದವರು ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟರು. ಕರ್ನಾಟಕ ಹೈಕೋರ್ಟಿನಲ್ಲಿಯೇ ನ್ಯಾಯಾಧೀಶರಾಗಿದ್ದು ಮುಂದೆ ಮೇಲೇರಿದವರು. (ಕೋರ್ಟುಗಳ ಸಂಬಳ ಸವಲತ್ತುಗಳ ಕುರಿತ ರಾಷ್ಟ್ರೀಯ ಆಯೋಗದ ಅಧ್ಯಕ್ಷರಾಗಿ 1996ರಿಂದ ಮನೆಮಾತಾದ ‘ಶೆಟ್ಟಿ ಆಯೋಗ’ ಇವರದೇ.) ಇಂಗ್ಲಿಷಿನಲ್ಲಿ ಬರೆದ ಕಾನೂನು ಬರಹ ಸಾಮಾನ್ಯವಾಗಿ ಒಣಗಿದ ಕಡಲೆಯಂತಿರುತ್ತದೆ, ಈ ತೀರ್ಪಿನ ಮೊದಲ ಭಾಗ ಹಾಗಿಲ್ಲ. ನ್ಯಾಯದಾನವೆಂದರೆ ಮೊಕದ್ದಮೆ ತೀರ್ಮಾನಿಸುವುದಷ್ಟೇ ಅಲ್ಲ, ನ್ಯಾಯಾಧೀಶರು ತಮ್ಮ ಕಛೇರಿಯನ್ನು ನಡೆಸುವ ರೀತಿಯೂ ಅದರಲ್ಲಿ ಸೇರಿದೆ. ಚಿಕ್ಕದೆಂದು ತೋರುವ ಈ ಕೆಲಸಗಳೆಲ್ಲ ಕೂಡಿಯೇ ಸಾಮಾನ್ಯ ಮನುಷ್ಯನ ಕಣ್ಣಿನಲ್ಲಿ ನ್ಯಾಯಾಲಯದ ಚಿತ್ರ ಮೂಡುತ್ತದೆ ಎಂದು ಅವರು ಆರಂಭಿಸುತ್ತಾರೆ. ಹೈಕೋರ್ಟಿನ ಆಡಳಿತ ಸಂಪೂರ್ಣ ಸ್ವತಂತ್ರವಾಗಿರಬೇಕೆಂಬುದನ್ನು ಒಪ್ಪುತ್ತಾರೆ. ಮರುಕ್ಷಣವೇ, ಮುಖ್ಯ ನ್ಯಾಯಾಧೀಶರೇನೂ ನಿರಂಕುಶ ಪ್ರಭುವಲ್ಲ, ಮನಬಂದಂತೆ ಓಡಾಡುವ ಹಕ್ಕು ಅವರಿಗಿಲ್ಲ, ಕಾನೂನಿನ ಶುಭ್ರ ಬಯಲಿನಲ್ಲಿಯೇ ಅವರು ಕೆಲಸ ಮಾಡಬೇಕು ಎಂಬ ಅರ್ಥದ ಮಾತುಗಳನ್ನಾಡುತ್ತಾರೆ. ತಾನು ತೀರ್ಪು ಕೊಡುವಾಗ ಯಾವ ಮೌಲ್ಯಗಳನ್ನು ಎತ್ತಿಹಿಡಿಯುತ್ತೇನೋ ಗುಮಾಸ್ತನ ನೇಮಕದ ಹಾಳೆಗೆ ಸಹಿ ಹಾಕುವಾಗಲೂ ಅದೇ ಮೌಲ್ಯಗಳಿಗೆ ಬದ್ಧನಾಗಿರಬೇಕು. ಇಲ್ಲಿ ನಡೆದದ್ದು ಕಾನೂನಿನ ದಾರಿಯಿಂದ ಸ್ಪಷ್ಟವಾಗಿ ಬೇರೆಯಾದದ್ದು. ಆ ದಾರಿಯನ್ನು ಕಾಯಬೇಕಾಗಿದ್ದುದೇ ಹೈಕೋರ್ಟು. ಬೇಲಿಯೇ ಎದ್ದು ಹೊಲ ಮೇಯ್ದ ಸಂಗತಿಯನ್ನು ಇದಕ್ಕಿಂತ ಸಭ್ಯವಾಗಿ, ಇದಕ್ಕಿಂತ ಖಡಾಖಂಡಿತವಾಗಿ ಹೇಳುವುದು ಕಷ್ಟ.

ಇಷ್ಟು ಹೇಳಿ ಮುಗಿಸಿದ ಮೇಲೆ ತೀರ್ಪು ಥಟ್ಟನೆ ಹೊರಳುತ್ತದೆ. ನೇಮಕ ತಪ್ಪು, ಸರಿ. ಆದರೆ ಈ ನೌಕರರು ಹತ್ತು ವರ್ಷಗಳಿಂದ ದುಡಿದಿದ್ದಾರೆ. ಎಸ್.ಎಸ್.ಎಲ್.ಸಿ. ಸಾಕಾಗಿದ್ದ ಹುದ್ದೆಯಲ್ಲಿ ಪದವೀಧರರೂ ಎರಡೆರಡು ಪದವಿ ಪಡೆದವರೂ ಇದ್ದಾರೆ. ಕೆಲವರು ಬಡ್ತಿಯನ್ನೂ ಪಡೆದಿದ್ದಾರೆ. ಬೇರೆ ನೌಕರಿಗೆ ಹೋಗುವ ವಯಸ್ಸು ದಾಟಿದೆ. ಈಗ ನಡುನೀರಿನಲ್ಲಿ ಕೈಬಿಟ್ಟರೆ ಅವರ ಸಂಸಾರಗಳ ಗತಿಯೇನು? ಹೊಸದಾಗಿ ಪರೀಕ್ಷೆಗೆ ಕೂಡಿ ಎನ್ನುವುದು ಕ್ರೌರ್ಯವಾದೀತು. ಆದ್ದರಿಂದ ಅವರನ್ನು ಕ್ರಮವಾಗಿ ನೇಮಕಗೊಂಡವರೆಂದೇ ಭಾವಿಸತಕ್ಕದ್ದು ಎಂದು ಆಜ್ಞೆಯಾಯಿತು. ಸಾಲಿನ ಕೊನೆಯ ಗುಮಾಸ್ತನವರೆಗೆ ಎಲ್ಲರೂ ಉಳಿದುಕೊಂಡರು.

ನಾವು ಕಲ್ಲೆದೆಯವರಲ್ಲ. ತಿಂಗಳ ಸಂಬಳದ ಮೇಲೆ ಚಾಳಿನ ಬಾಡಿಗೆ, ಮಕ್ಕಳ ಫೀಸು, ಊರಿನ ಮುದಿ ತಂದೆತಾಯಿಯರ ಮನಿಯಾರ್ಡರು ಇವನ್ನೆಲ್ಲ ತೂಗಿಸಿದ ಮನೆಗಳಿಂದಲೇ ಬಂದವರು ಇದನ್ನು ಓದುತ್ತಿದ್ದಾರೆ. ಹತ್ತು ವರ್ಷದ ಮೇಲೆ ಕೆಲಸ ಹೋಗುವುದೆಂದರೇನೆಂದು ಅವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ. ಮೇಲಿನವರು ಮಾಡಿದ ತಪ್ಪಿಗೆ ಕೆಳಗಿನವನ ಹೊಟ್ಟೆಯ ಮೇಲೆ ಹೊಡೆಯುವುದು ನ್ಯಾಯವಲ್ಲವೆಂಬ ವಾದಕ್ಕೆ ತೂಕವಿದೆ. ಆದರೂ ತೀರ್ಪನ್ನು ಎರಡನೆಯ ಸಲ ಓದುವಾಗ ಒಂದು ಕೊರತೆ ಕಣ್ಣಿಗೆ ಹೊಡೆಯುತ್ತದೆ. ಅದರಲ್ಲಿ ಕೆಲಸ ಸಿಕ್ಕವರಿದ್ದಾರೆ, ಕೆಲಸ ಕೊಟ್ಟವರಿದ್ದಾರೆ. ಕೆಲಸ ಸಿಗದವನು ಎಲ್ಲಿಯೂ ಇಲ್ಲ.

ಅವನು ಯಾರು? ಹಾವೇರಿಯಲ್ಲೋ ಚಾಮರಾಜನಗರದಲ್ಲೋ ಬೆರಳಚ್ಚು ಪರೀಕ್ಷೆ ಮುಗಿಸಿ, ಆಯೋಗದ ಪ್ರಕಟಣೆಗಾಗಿ ಪ್ರತಿದಿನ ಪತ್ರಿಕೆಯ ಕೊನೆಯ ಪುಟ ತಿರುವುತ್ತ ಕುಳಿತ ಹುಡುಗ. ಖಾಲಿ ಹುದ್ದೆ ಇತ್ತೆಂಬುದೇ ಅವನಿಗೆ ತಿಳಿಯಲಿಲ್ಲ, ತುಂಬಿಹೋಯಿತೆಂಬುದೂ ತಿಳಿಯಲಿಲ್ಲ. ಆ ಹತ್ತು ವರ್ಷಗಳಲ್ಲಿ ಅವನ ವಯಸ್ಸೂ ಮೀರಿತು. ಅವನಿಗೂ ಸಂಸಾರವಿದೆ. ಪದವಿಯ ಮಾತನ್ನೇ ತೆಗೆದುಕೊಳ್ಳಿ. ಎಸ್.ಎಸ್.ಎಲ್.ಸಿ. ಸಾಕಾದ ಹುದ್ದೆಯಲ್ಲಿ ಪದವೀಧರರು ಕುಳಿತಿದ್ದಾರೆಂಬುದನ್ನು ತೀರ್ಪು ಅವರ ಯೋಗ್ಯತೆಗೆ ಸಾಕ್ಷಿಯಾಗಿ ಎಣಿಸುತ್ತದೆ. ನಮಗೆ ಅದು ತಿರುವುಮುರುವಾಗಿ ಕಾಣುತ್ತದೆ. ಗುಮಾಸ್ತಿಕೆಗೆ ಪದವೀಧರರೂ ಹಾತೊರೆಯುವ ನಾಡಿನಲ್ಲಿ, ಕೆಲಸ ಸಿಗದೆ ಹೊರಗುಳಿದವರಲ್ಲಿಯೂ ಪದವೀಧರರು ಬೇಕಾದಷ್ಟು ಮಂದಿ ಇದ್ದಿರಲೇಬೇಕು. ಒಳಗಿನವನಿಗೂ ಹೊರಗಿನವನಿಗೂ ಇದ್ದ ವ್ಯತ್ಯಾಸ ಪದವಿಯದಲ್ಲ. ಸುದ್ದಿ ಮುಟ್ಟಿದ್ದರ, ಮುಟ್ಟದ್ದರ ವ್ಯತ್ಯಾಸ. ಅದಕ್ಕೆ ನಮ್ಮವರು ಇಟ್ಟ ಹೆಸರು ‘ವಶೀಲಿ’. ಗುಟ್ಟಾಗಿ ಹಂಚಿದ ಹುದ್ದೆಗಳಲ್ಲಿ ಮೀಸಲಾತಿಯ ಲೆಕ್ಕವನ್ನಾದರೂ ಹೊರಗಿನವರು ಹೇಗೆ ಹಿಡಿದು ಕೇಳಬೇಕು?

ಹಾಗಾದರೆ ತೀರ್ಪು ಏನು ಮಾಡಬೇಕಾಗಿತ್ತು ಎಂದು ಕೇಳಬಹುದು. ಅತ್ತ ದರಿ ಇತ್ತ ಪುಲಿ, ನಿಜ. ಆದರೂ ನಡುವೆ ದಾರಿಗಳಿದ್ದವು. ಇದ್ದವರನ್ನು ಉಳಿಸಿಕೊಂಡೇ, ಅಷ್ಟೇ ಸಂಖ್ಯೆಯ ಮುಂದಿನ ಖಾಲಿ ಹುದ್ದೆಗಳನ್ನು ಆಯೋಗದ ಮೂಲಕ, ಆ ವರ್ಷಗಳಲ್ಲಿ ವಯಸ್ಸು ಮೀರಿದವರಿಗೆ ರಿಯಾಯಿತಿ ಕೊಟ್ಟು ತುಂಬಿರೆಂದು ಹೇಳಬಹುದಾಗಿತ್ತು. ಜ್ಯೇಷ್ಠತೆಯ ಪಟ್ಟಿಯಲ್ಲಿ ಕ್ರಮವಾಗಿ ಆಯ್ಕೆಯಾದವರ ಕೆಳಗೆ ಇವರನ್ನು ಇಡಿ ಎನ್ನಬಹುದಾಗಿತ್ತು. ವಯಸ್ಸಿನ ರಿಯಾಯಿತಿ ಒಳಗಿದ್ದವರಿಗೆ ಕರುಣೆಯಾದರೆ ಹೊರಗಿದ್ದವರಿಗೂ ಕರುಣೆಯೇ. ಕರುಣೆ ಒಂದೇ ಕಡೆಗೆ ಹರಿದಾಗ ಅದು, ಬೇಗ ಒಳಗೆ ನುಗ್ಗಿದವನಿಗೆ ಸಿಕ್ಕ ಬಹುಮಾನದಂತೆ ಕಾಣಿಸುತ್ತದೆ. ಜೊತೆಗೆ ಇನ್ನೊಂದು ಅಪಾಯವೂ ಉಂಟು. ಕೈಯಿಂದಾಗುವಷ್ಟು ಮಂದಿಯನ್ನು ಸೇರಿಸಿಬಿಡಿ, ಮೊಕದ್ದಮೆ ಮುಗಿಯುವಷ್ಟರಲ್ಲಿ ಹತ್ತು ವರ್ಷವಾಗಿರುತ್ತದೆ, ಆಮೇಲೆ ಮಾನವೀಯತೆ ಕಾಪಾಡುತ್ತದೆ ಎಂಬ ಪಾಠವನ್ನು ಕಛೇರಿಗಳು ಬಹಳ ಬೇಗ ಕಲಿಯುತ್ತವೆ.

ಅದು ನಮ್ಮ ಕುಹಕವಲ್ಲ. ಮುಂದೆ 2006ರ ಏಪ್ರಿಲಿನಲ್ಲಿ, ಅದೂ ಕರ್ನಾಟಕ ಸರ್ಕಾರದ ಹಂಗಾಮಿ ನೌಕರರ ಪ್ರಕರಣದಲ್ಲಿಯೇ, ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಈ ಚಾಳಿಗೆ ಕಟ್ಟು ಹಾಕಬೇಕಾಯಿತು. ಸ್ಪರ್ಧೆಯಿಲ್ಲದೆ ಹಿತ್ತಿಲ ಬಾಗಿಲಿನಿಂದ ಬಂದವರು ಎಷ್ಟು ವರ್ಷ ದುಡಿದರೂ ಅಷ್ಟರಿಂದಲೇ ಕಾಯಂ ಆಗುವ ಹಕ್ಕಿಲ್ಲ ಎಂದು ಅದು ಹೇಳಿತು. ಕೋರ್ಟಿನ ಆಜ್ಞೆಯ ರಕ್ಷಣೆಯಿಲ್ಲದೆ ಹತ್ತು ವರ್ಷ ಪೂರೈಸಿದ, ಮಂಜೂರಾದ ಹುದ್ದೆಯಲ್ಲಿರುವ ಅರ್ಹರಿಗೆ ಮಾತ್ರ ಒಂದೇ ಒಂದು ಸಲ ವಿನಾಯಿತಿ ಇಟ್ಟಿತು. ಹೊರಗೆ ನಿಂತವನ ಹಕ್ಕಿನ ಮಾತು ಆ ತೀರ್ಪಿನಲ್ಲಿ ಬರುತ್ತದೆ. ಹದಿನಾರು ವರ್ಷ ತಡವಾಗಿ.

ನಡುವೆ ಬಂದ ಇನ್ನೆರಡು ತೀರ್ಪುಗಳನ್ನು ಬೇಗ ಮುಟ್ಟಿ ಹೋಗುತ್ತೇವೆ. 1998ರ ರಾಜಸ್ಥಾನದ ಪ್ರಕರಣದಲ್ಲಿ, ಹೈಕೋರ್ಟಿನ ನೌಕರವರ್ಗದ ಆಡಳಿತ ಮುಖ್ಯ ನ್ಯಾಯಾಧೀಶರೊಬ್ಬರದೇ, ಸಹ ನ್ಯಾಯಾಧೀಶರೂ ಅದರಲ್ಲಿ ಕೈಹಾಕಕೂಡದು ಎಂದಾಯಿತು. 2002ರಲ್ಲಿ ಮುಂಬಯಿ ಹೈಕೋರ್ಟಿನ ಶೀಘ್ರಲಿಪಿಗಾರರ ಸಂಬಳದ ವಿಷಯದಲ್ಲಿ, ವೇತನ ನಿಗದಿ ಮಾಡುವುದು 229ನೆಯ ವಿಧಿಯ ದಾರಿಯಲ್ಲಿ ಆಗಬೇಕೇ ಹೊರತು ಹೈಕೋರ್ಟಿನ ನ್ಯಾಯಪೀಠದ ಆಜ್ಞೆಯಿಂದಲ್ಲ ಎಂದು ಮಹಾರಾಷ್ಟ್ರ ಸರ್ಕಾರದ ಪರವಾಗಿ ತೀರ್ಮಾನವಾಯಿತು. ಎರಡನ್ನೂ ಕೂಡಿಸಿ ನೋಡಿದರೆ ಒಬ್ಬರ ಕೈಯಲ್ಲಿ ಎಷ್ಟು ಅಧಿಕಾರ ಕೂಡಿಕೊಂಡಿದೆಯೆಂಬುದು ತಿಳಿಯುತ್ತದೆ. 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು, ನ್ಯಾಯಾಧೀಶರ ನೇಮಕದ ಸಂದರ್ಭದಲ್ಲಿ, ಮುಖ್ಯ ನ್ಯಾಯಾಧೀಶರು ಎಷ್ಟು ದೊಡ್ಡವರಾದರೂ ನಮ್ಮ ನಿಮ್ಮಂತೆ ರಾಗದ್ವೇಷ, ದೌರ್ಬಲ್ಯಗಳುಳ್ಳ ಮನುಷ್ಯರೇ ಎಂದು ನೆನಪಿಸಿದ್ದರು. ಗುಮಾಸ್ತರ ನೇಮಕಕ್ಕೆ ಆ ಎಚ್ಚರಿಕೆ ಅನ್ವಯಿಸದೇ ಹೋಗಲು ಕಾರಣ ಕಾಣುವುದಿಲ್ಲ.

ಕೊನೆಗೂ ಸ್ಪಷ್ಟವಾದ ಕಟ್ಟು ಬಂದದ್ದು 2014ರ ಫೆಬ್ರುವರಿಯಲ್ಲಿ. ದಿಲ್ಲಿಯ ತೀಸ್ ಹಜಾರಿ ಕೋರ್ಟಿನ ನೇಮಕಗಳ ತಕರಾರು ಬೆಳೆದು ದೇಶದ ಎಲ್ಲ ಹೈಕೋರ್ಟುಗಳ ಪ್ರಶ್ನೆಯಾಯಿತು. ಸಂವಿಧಾನದ 14 ಮತ್ತು 16ನೆಯ ವಿಧಿಗಳು, ಎಂದರೆ ಕಾನೂನಿನ ಮುಂದೆ ಸಮಾನತೆ ಮತ್ತು ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ, 229ನೆಯ ವಿಧಿಯ ಅಧಿಕಾರಕ್ಕೂ ಅನ್ವಯಿಸುತ್ತವೆ. ನಿಯಮ ಮೀರಿ ನಡೆದ ನೇಮಕ, ಹುದ್ದೆ ಯಾವುದೇ ಇರಲಿ, ಮೊದಲಿನಿಂದಲೇ ಶೂನ್ಯ. ಹೈಕೋರ್ಟುಗಳು ತಮ್ಮ ನಿಯಮಗಳನ್ನು ಮತ್ತೆ ಪರಿಶೀಲಿಸಿ, ಹೊಂದದಿದ್ದರೆ ತಿದ್ದಿಕೊಳ್ಳಬೇಕು ಎಂದು ಸುಪ್ರೀಂ ಕೋರ್ಟು ಹೇಳಿತು. ಇನ್ನೂ ಒಂದು ಮಾತು ಸೇರಿಸಿತು, ಸಣ್ಣದಾದರೂ ನಮಗೆ ಬಹಳ ಹಿಡಿಸಿದ ಮಾತು: ಖಾಲಿ ಹುದ್ದೆಗಳನ್ನು ಕನಿಷ್ಠ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬೇಕು, ಅವುಗಳಲ್ಲೊಂದು ಆ ರಾಜ್ಯದಲ್ಲಿ ಚೆನ್ನಾಗಿ ಓಡಾಡುವ ದೇಶಭಾಷೆಯ ಪತ್ರಿಕೆಯಾಗಿರಬೇಕು. 1990ರ ತೀರ್ಪಿನ ಭಾಷೆಯ ಘನತೆ ಇದರಲ್ಲಿಲ್ಲ. ಆದರೆ ಹಾವೇರಿಯ ಆ ಹುಡುಗನಿಗೆ ಘನವಾದ ವಾಕ್ಯಗಳಿಗಿಂತ ಕನ್ನಡ ಪತ್ರಿಕೆಯ ಆ ನಾಲ್ಕಂಗುಲ ಪ್ರಕಟಣೆಯೇ ಹೆಚ್ಚು ಉಪಕಾರಿ.

ಹೊರನಾಡಿನ ನಮಗೆ ಇದರಲ್ಲಿ ಎರಡು ವಿಷಯಗಳಿವೆ. ಹುಟ್ಟಿದ ಊರು, ವಾಸಿಸುವ ಸ್ಥಳ ಇವನ್ನೇ ನೆಪ ಮಾಡಿ ಸರ್ಕಾರಿ ನೌಕರಿ ನಿರಾಕರಿಸಬಾರದೆಂದು 16ನೆಯ ವಿಧಿಯ ಎರಡನೆಯ ಉಪವಿಧಿ ಹೇಳುತ್ತದೆ; ವಾಸಸ್ಥಳದ ನಿಬಂಧನೆ ಹಾಕುವ ಅಧಿಕಾರವನ್ನು ಮೂರನೆಯ ಉಪವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. (ತೆಲುಗು ನಾಡಿಗೆ 371-ಡಿ ವಿಧಿಯ ಕೆಳಗೂ, ನಮ್ಮ ಕಲ್ಯಾಣ ಕರ್ನಾಟಕಕ್ಕೆ 2012ರ ತಿದ್ದುಪಡಿಯಿಂದ ಬಂದ 371-ಜೆ ವಿಧಿಯ ಕೆಳಗೂ ಬೇರೆ ಏರ್ಪಾಟುಗಳಿವೆ, ಅದು ಇನ್ನೊಂದು ಲೇಖನದ ವಿಷಯ.) ಮುಂಬಯಿಯಲ್ಲಿ ಬೆಳೆದ ಕನ್ನಡದ ಹುಡುಗಿ ಮರಾಠಿ ಬಲ್ಲವಳಾದರೆ ಅಲ್ಲಿನ ಹೈಕೋರ್ಟಿನ ಗುಮಾಸ್ತಿಕೆಗೆ ಅರ್ಜಿ ಹಾಕಬಾರದೆಂದು ಯಾರೂ ಹೇಳುವಂತಿಲ್ಲ. ಆಡಳಿತದ ಭಾಷೆ ಬರಬೇಕೆನ್ನುವುದು ಬೇರೆ, ನೀನು ಯಾವ ಊರಿನವಳು ಎನ್ನುವುದು ಬೇರೆ. ಎರಡನೆಯದಾಗಿ, ಅಪ್ಪ ಅಜ್ಜಂದಿರ ಪರಿಚಯಗಳ ಬಲ ಊರಿನಲ್ಲಿಯೇ ಉಳಿಯುತ್ತದೆ. ವಲಸೆ ಬಂದವನ ಬೆನ್ನಿಗೆ ಅದು ಬರುವುದಿಲ್ಲ. ಹುದ್ದೆಗಳು ಕಿವಿಯಿಂದ ಕಿವಿಗೆ ಹಂಚಿಹೋಗುವ ಕಡೆ ಮೊದಲು ಸೋಲುವವನು ವಲಸಿಗನೇ.

ಈ ಕಟ್ಟಿನಲ್ಲಿಯೂ ಬಿರುಕಿಲ್ಲದಿಲ್ಲ. ಪ್ರಕಟಣೆ ಹೊರಟ ದಿನಕ್ಕೂ ಅರ್ಜಿ ಮುಟ್ಟಬೇಕಾದ ದಿನಕ್ಕೂ ನಡುವೆ ಸಾಕಷ್ಟು ಕಾಲವಿಡದಿದ್ದರೆ ಪ್ರಕಟಣೆ ಬರಿಯ ಶಾಸ್ತ್ರವಾಗುತ್ತದೆ. ಸಂದರ್ಶನಕ್ಕೆ ಇಟ್ಟ ಅಂಕಗಳು ಹೆಚ್ಚಾದಷ್ಟೂ ಲಿಖಿತ ಪರೀಕ್ಷೆಯಲ್ಲಿ ಮುಂಬಾಗಿಲಿನಿಂದ ಬಂದವನನ್ನು ಹಿತ್ತಿಲಿನಿಂದ ಕಳುಹಿಸುವುದು ಸುಲಭವಾಗುತ್ತದೆ. ಲೋಕಸೇವಾ ಆಯೋಗವನ್ನು ಕೇಳಬೇಕೆಂಬ ನಿಯಮ ರಾಜ್ಯಪಾಲರು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾಡಲೇಬೇಕೆಂದು 229ನೆಯ ವಿಧಿ ಹೇಳುವುದಿಲ್ಲ. ನೇಮಕ ತಪ್ಪಾದರೆ ಪ್ರಶ್ನಿಸಬೇಕಾದದ್ದು ಮೊದಲು ಅದೇ ಹೈಕೋರ್ಟಿನ ಮುಂದೆ. ನಿರ್ಣಯಿಸಬೇಕಾದವರು ಅದೇ ಮುಖ್ಯ ನ್ಯಾಯಾಧೀಶರ ಸಹೋದ್ಯೋಗಿಗಳು. ಕರ್ನಾಟಕದ ನ್ಯಾಯಪೀಠ ಒಮ್ಮೆ ಎದೆಗಾರಿಕೆ ತೋರಿತೆಂದು ಪ್ರತಿಸಲವೂ ಅದನ್ನೇ ನಂಬಿ ಕೂಡುವುದು ಸರಿಯಲ್ಲ. ಕೋರ್ಟಿನ ನೌಕರರ ಆಯ್ಕೆಯನ್ನಾದರೂ ಪರೀಕ್ಷೆಯ ಮಟ್ಟಿಗೆ ಬೇರೊಂದು ಸಂಸ್ಥೆಗೆ ಒಪ್ಪಿಸಿ, ಕೊನೆಯ ಸಹಿಯನ್ನು ಮಾತ್ರ ಮುಖ್ಯ ನ್ಯಾಯಾಧೀಶರಿಗೆ ಬಿಟ್ಟರೆ ಸ್ವಾತಂತ್ರ್ಯಕ್ಕೆ ಎಲ್ಲಿ ಧಕ್ಕೆ ಬರುತ್ತದೆಂಬುದು ನಮಗೆ ತಿಳಿಯದು.

ಸದ್ಯಕ್ಕೆ ಸಂಘಗಳು ಮಾಡಬಹುದಾದದ್ದು ಒಂದುಂಟು. ವಾಚನಾಲಯಕ್ಕೆ ಬರುವ ಕನ್ನಡ ಪತ್ರಿಕೆಯಲ್ಲಿ ಕರ್ನಾಟಕ ಹೈಕೋರ್ಟಿನದೋ ಜಿಲ್ಲಾ ಕೋರ್ಟುಗಳದೋ ನೇಮಕದ ಪ್ರಕಟಣೆ ಕಂಡರೆ, ಇಲ್ಲಿನ ಪತ್ರಿಕೆಗಳಲ್ಲಿ ಇಲ್ಲಿನ ಕೋರ್ಟುಗಳದು ಕಂಡರೆ, ಕತ್ತರಿಸಿ ಸೂಚನಾ ಹಲಗೆಗೆ ಅಂಟಿಸಿಡುವುದು. ಕೊನೆಯ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಮೇಲೆ ಬರೆಯುವುದು.